ಮೊಳಕೈ ನೋವೂ ಮೇಲುಕೋಟೆಯ ದಾರಿಯೂ

ಮೈಸೂರಿನಿಂದ ಮೇಲುಕೋಟೆಗೆ ಹೋಗುವ ಸಾಧನಗಳಲ್ಲಿ ಬೈಸಿಕಲ್ಲೇ ಅತ್ಯಂತ ನಿಧಾನವಾದದ್ದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಾಲ್ನಡಿಗೆ ಅದಕ್ಕಿಂತ ನಿಧಾನ. ವೈರಮುಡಿಯ ದಿನದ ಬಸ್ಸು ಕೆಲವು ವೇಳೆ ಕಾಲ್ನಡಿಗೆಗಿಂತಲೂ ನಿಧಾನ. ಸುಮಾರು ೫೦ ಕಿಲೋಮೀಟರಿನ ಹಾದಿ. ಶ್ರೀರಂಗಪಟ್ಟಣದವರೆಗೆ ಕಾವೇರಿ, ಅಲ್ಲಿಂದ ಪಾಂಡವಪುರದ ಕಡೆಗೆ ನಾಲೆ ಮತ್ತು ಕಬ್ಬು, ಜಕ್ಕನಹಳ್ಳಿಯಿಂದಾಚೆಗೆ ಬಂಡೆ ಮತ್ತು ಬೆಟ್ಟ. ನೀರು ಹಿಂದೆ ಹಿಂದೆ ಸರಿಯುತ್ತ ಕಲ್ಲು ಮುಂದೆ ಮುಂದೆ ಬರುವ ಈ ದಾರಿಯನ್ನು ನೋಡಬೇಕಾದರೆ ಬೈಸಿಕಲ್ಲಿನ ವೇಗವೇ ತಕ್ಕದ್ದು.

ನಮ್ಮ ತಂದೆಯವರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದರು. ೧೯೮೬ರಲ್ಲಿ ಕೊಂಡ ಒಂದು ಅಟ್ಲಾಸ್ ಬೈಸಿಕಲ್ಲಿನ ಮೇಲೆ ಅವರು ಪ್ರತಿ ವರ್ಷ ಫಾಲ್ಗುಣಮಾಸದಲ್ಲಿ ವೈರಮುಡಿ ಉತ್ಸವಕ್ಕೆ ಹೋಗಿಬರುತ್ತಿದ್ದರು. ಮಂಡ್ಯದ ಖಜಾನೆಯಲ್ಲಿರುವ ಆ ವಜ್ರದ ಕಿರೀಟವನ್ನು ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೆರವಣಿಗೆಯಿಂದ ಮೇಲುಕೋಟೆಗೆ ತಂದು, ರಾತ್ರಿ ಚೆಲುವನಾರಾಯಣನಿಗೆ ತೊಡಿಸುತ್ತಾರಲ್ಲವೆ? ಕಿರೀಟ ಹೊರಡುವ ಹೊತ್ತಿಗೆ ತಾವೂ ಹೊರಟರೆ ಇಬ್ಬರೂ ಒಟ್ಟಿಗೆ ಬೆಟ್ಟ ಸೇರಬಹುದೆಂಬುದು ಅವರ ಲೆಕ್ಕಾಚಾರ. ೨೦೨೧ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಒಂದು ವರ್ಷದ ಹಿಂದೆ, ೧೯೫೧ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿದ ಆ ಸಂಸ್ಥೆಯ ಕೊನೆಯ ಕಾರ್ಖಾನೆಯೂ ಬಾಗಿಲು ಮುಚ್ಚಿತ್ತು. ಬೈಸಿಕಲ್ಲು ಮಾತ್ರ ಉಳಿಯಿತು. ತಂದೆಯವರ ವಸ್ತುಗಳಲ್ಲಿ ಕನ್ನಡಕವನ್ನು ನಾನು ಹಾಕಿಕೊಳ್ಳಲಾರೆ, ಕೋಟು ನನಗೆ ಜೋಲು. ಬೈಸಿಕಲ್ಲನ್ನಾದರೋ ಉಪಯೋಗಿಸಬಹುದೆಂದು ಅದರ ಮೇಲೆಯೇ ಕಾಲೇಜಿಗೆ ಹೋಗತೊಡಗಿದೆನು, ಭಾನುವಾರಗಳಲ್ಲಿ ಊರಾಚೆಗೂ.

ಒಂದೂವರೆ ವರ್ಷದಲ್ಲಿ ಬಲ ಮೊಳಕೈಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಅದು ದಾರಿಯ ಹಳ್ಳಗಳಲ್ಲಿ ಮಾತ್ರ ಬಂದು ಹೋಗುವ ಅತಿಥಿಯಾಗಿತ್ತು. ಆಮೇಲೆ ಮನೆಯವನೇ ಆಯಿತು. ತುಂಬಿದ ಚೊಂಬನ್ನು ಎತ್ತುವಾಗ, ಬಾಗಿಲಿನ ಹಿಡಿಯನ್ನು ತಿರುಗಿಸುವಾಗ, ಕೊನೆಗೆ ಕರಿಹಲಗೆಯ ಮೇಲೆ ಷಟ್ಪದಿಯ ಗಣವಿಭಾಗ ಮಾಡಿ ಗೆರೆ ಎಳೆಯುವಾಗಲೂ ಮೊಳಕೈಯ ಹೊರಬದಿಯಲ್ಲಿ ಚುಳ್ಳೆನ್ನುತ್ತಿತ್ತು. ದೂರ ಹೋದ ದಿನ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತಿದ್ದುವು. ಪರೀಕ್ಷೆಯ ಉತ್ತರಪತ್ರಿಕೆಗಳ ಕಾಲ ಹತ್ತಿರ ಬರುತ್ತಿತ್ತು. ಸೀಮೆಸುಣ್ಣವನ್ನೂ ಕೆಂಪು ಮಸಿಯ ಲೇಖನಿಯನ್ನೂ ಹಿಡಿಯಲಾರದ ಕನ್ನಡ ಅಧ್ಯಾಪಕನಿಗೆ ಬೇರೆ ಯಾವ ಉದ್ಯೋಗ ಉಂಟು? ಬೈಸಿಕಲ್ಲನ್ನು ಮಾರಿಬಿಡೆಂದು ಸಹೋದ್ಯೋಗಿಗಳು ಸಲಹೆ ಕೊಟ್ಟರು. ಅಮ್ಮ ಏನೂ ಹೇಳಲಿಲ್ಲ. ಆದರೆ ಈ ವರ್ಷದ ವೈರಮುಡಿಗೆ ನಮ್ಮ ಮನೆಯಿಂದ ಯಾರಾದರೂ ಹೋಗಬೇಕೆಂಬ ಆಸೆ ಆಕೆಯ ಮನಸ್ಸಿನಲ್ಲಿದ್ದುದು ನನಗೆ ತಿಳಿದಿತ್ತು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತನ್ನು ಆಡುತ್ತೇನೆ, ಓದುಗರು ಸಹಿಸಬೇಕು. ಮೊಣಕೈ ಎಂದು ನಾವು ಇಂದು ಬರೆಯುವುದು ಮೊಳಕೈ. ಮೊಳಕಾಲು ಮೊಣಕಾಲಾದಂತೆ ಇದೂ ಬದಲಾಯಿತು. ಹಳಗನ್ನಡದಲ್ಲಿ 'ಮೊೞ' ಎಂದಿದ್ದ ಅಳತೆಗೆ ತಮಿಳಿನಲ್ಲಿ ಇಂದಿಗೂ 'ಮುೞಂ' ಎನ್ನುತ್ತಾರೆ. ಮೊಳಕೈ ಅವರಿಗೆ 'ಮುೞಂಗೈ'. ಮೊಳಕೈಯ ಮೂಲೆಯಿಂದ ನಡುಬೆರಳಿನ ತುದಿಯವರೆಗಿನ ಉದ್ದವೇ ಮೊಳ. ಲ್ಯಾಟಿನ್ ಭಾಷೆಯವರಿಗೂ ಇದೇ ಬುದ್ಧಿ ಹೊಳೆಯಿತು: ಅವರ 'ಕ್ಯುಬಿಟಮ್' ಎಂದರೆ ಮೊಳಕೈಯೂ ಹೌದು, ಮೊಳವೂ ಹೌದು. ಲೋಕವನ್ನು ಅಳೆಯಲು ಮನುಷ್ಯನು ಮೊದಲು ಬಳಸಿದ ಕೋಲು ಅವನ ಮುಂಗೈಯೇ. ಈ ಕೋಲಿನಲ್ಲಿ ಒಂದೇ ಒಂದು ಕುಂದು, ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ. ಈ ಕುಂದು ನನ್ನ ಕಥೆಗೆ ಬೇಕಾಗಿದೆ.

ಮೂಳೆಯ ವೈದ್ಯರೊಬ್ಬರು ನನ್ನ ಕೈಯನ್ನು ತಿರುಗಿಸಿ, ಒತ್ತಿ, ನಾನು ಕೂಗಿದ ಜಾಗದಲ್ಲಿ ಇನ್ನೊಮ್ಮೆ ಒತ್ತಿ, "ಟೆನ್ನಿಸ್ ಎಲ್ಬೋ" ಎಂದರು. ನನ್ನ ಜೀವಮಾನದಲ್ಲಿ ನಾನು ಟೆನ್ನಿಸ್ ಬ್ಯಾಟನ್ನು ಮುಟ್ಟಿದವನಲ್ಲ. ಈ ನೋವು ಬರುವವರಲ್ಲಿ ಹೆಚ್ಚಿನವರು ಮುಟ್ಟಿರುವುದಿಲ್ಲವೆಂದೂ, ಬಡಗಿಗಳು, ಅಡಿಗೆಯವರು, ಬಟ್ಟೆ ಹಿಂಡುವ ಗೃಹಿಣಿಯರು ಟೆನ್ನಿಸ್ ಆಟಗಾರರಿಗಿಂತ ಹೆಚ್ಚಾಗಿ ಬರುತ್ತಾರೆಂದೂ ಅವರು ಹೇಳಿದರು. ೩೫ರಿಂದ ೫೫ರ ವಯಸ್ಸು ಇದಕ್ಕೆ ಪ್ರಿಯವಾದದ್ದಂತೆ.

ವಿವರ ಸ್ವಾರಸ್ಯವಾಗಿತ್ತು. ಮೊಳಕೈಯ ಹೊರಬದಿಯಲ್ಲಿ ಎಲುಬಿನ ಒಂದು ಉಬ್ಬು ಇದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳ ರಜ್ಜುಗಳು ಅಲ್ಲಿಗೆ ಬಂದು ಅಂಟಿಕೊಂಡಿವೆ. ನಾವು ಯಾವುದನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಕುಸಿಯದಂತೆ ನಿಲ್ಲಿಸುವವು ಈ ಸ್ನಾಯುಗಳೇ. ಹಿಡಿತ ಬೆರಳಿನದು, ಕೂಲಿ ಮೊಳಕೈಯದು. ಹ್ಯಾಂಡಲ್ಲನ್ನು ಗಂಟೆಗಟ್ಟಲೆ ಬಿಗಿಹಿಡಿದು, ತೋಳನ್ನು ದೊಣ್ಣೆಯಂತೆ ನೆಟ್ಟಗೆ ಚಾಚಿದರೆ ಮುಂದಿನ ಚಕ್ರಕ್ಕೆ ಬಿದ್ದ ಪ್ರತಿಯೊಂದು ಪೆಟ್ಟೂ ನೇರವಾಗಿ ಆ ರಜ್ಜುಗಳಿಗೆ ಸಲ್ಲುತ್ತದೆ. ತೋಳು ಕೊಂಚ ಬಾಗಿದ್ದರೆ ಅದೇ ಒಂದು ಸ್ಪ್ರಿಂಗಾಗಿ ಪೆಟ್ಟನ್ನು ನುಂಗುತ್ತದೆ. ಬೆರಳುಗಳ ಜೋಮಿನ ಕಥೆ ಬೇರೆ. ಮೊಳಕೈಯನ್ನು ಬಾಗಿಲಿಗೆ ತಗುಲಿಸಿಕೊಂಡಾಗ ಕಿರುಬೆರಳಿನವರೆಗೂ ಜುಮ್ಮೆನ್ನುತ್ತದಲ್ಲ, ಆ ನರ ಒಳಬದಿಯ ಉಬ್ಬಿನ ಹಿಂದೆ ಚರ್ಮದ ಕೆಳಗೇ ಹಾಯ್ದು ಅಂಗೈಯ ಬುಡದ ಮೂಲಕ ಬೆರಳುಗಳಿಗೆ ಹೋಗುತ್ತದೆ. ಮೊಳಕೈಯನ್ನು ಬಹಳ ಹೊತ್ತು ಅತಿಯಾಗಿ ಮಡಿಸಿದರೆ ಅದು ಅಲ್ಲಿ ಜಗ್ಗುತ್ತದೆ. ಅಂಗೈಯ ಮೇಲೆ ಭಾರ ಹಾಕಿದರೆ ಇಲ್ಲಿ ನಲುಗುತ್ತದೆ. ಕಿರುಬೆರಳಿನ ಕಡೆಯ ಕೈಬೆನ್ನೂ ಜೋಮು ಹಿಡಿದರೆ ತೊಂದರೆ ಮೊಳಕೈಯಲ್ಲಿದೆಯೆಂದೂ, ಬೆರಳುಗಳು ಮಾತ್ರ ಜೋಮಾಗಿ ಕೈಬೆನ್ನು ಸರಿಯಾಗಿದ್ದರೆ ಮಣಿಕಟ್ಟಿನಲ್ಲಿದೆಯೆಂದೂ ಅವರು ಗುರುತು ಹೇಳಿಕೊಟ್ಟರು. ನನ್ನದು ಎರಡನೆಯ ಬಗೆ.

"ಜೋಮು ಇಳಿಯದೆ ನಿಂತರೆ, ಹಿಡಿತದ ಬಲ ಕುಗ್ಗಿದರೆ ತಡಮಾಡದೆ ಬನ್ನಿ. ನರ ಸೊರಗಿದ ಮೇಲೆ ಸ್ನಾಯುವೂ ಸೊರಗುತ್ತದೆ" ಎಂದು ಅವರು ಎಚ್ಚರಿಸಿದರು. ಚುಚ್ಚುಮದ್ದಿನ ಮಾತನ್ನು ನಾನೇ ತೆಗೆದೆನು. ಅದು ಕೆಲವು ವಾರ ಸುಖ ಕೊಡುವುದೇನೋ ನಿಜ. ಆದರೆ ವರ್ಷದ ಕೊನೆಗೆ ನೋಡಿದರೆ ಚುಚ್ಚಿಸಿಕೊಂಡವರಿಗಿಂತ ಸುಮ್ಮನೆ ಕಾದವರೇ ಮೇಲಾಗಿರುತ್ತಾರೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆಯಂತೆ. ಬಹುಪಾಲು ಜನರಿಗೆ ಒಂದು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆರು ವಾರ ಬೈಸಿಕಲ್ಲಿಗೆ ರಜೆ. ದಿನವೂ ಮುಂಗೈಯನ್ನು ಮೇಜಿನ ಮೇಲಿಟ್ಟು, ನೀರು ತುಂಬಿದ ಅರ್ಧ ಲೀಟರಿನ ಸೀಸೆಯನ್ನು ಹಿಡಿದು, ಎಡಗೈಯಿಂದ ಎತ್ತಿಕೊಟ್ಟ ಮಣಿಕಟ್ಟನ್ನು ಮೆಲ್ಲಮೆಲ್ಲನೆ ಕೆಳಕ್ಕಿಳಿಸುವ ವ್ಯಾಯಾಮ. ಎತ್ತುವುದಕ್ಕಿಂತ ಇಳಿಸುವುದೇ ರಜ್ಜುವನ್ನು ಗಟ್ಟಿಮಾಡುತ್ತದೆಂಬುದು ನನಗೆ ಹೊಸ ವಿಷಯ. ಹೊರಡುವಾಗ ಅವರು, "ಸೀಟನ್ನು ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ" ಎಂದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಆ ಸೀಟು ಮೂವತ್ತೈದು ವರ್ಷ ಒಂದೇ ಎತ್ತರದಲ್ಲಿ ನಿಂತಿತ್ತು. ಅದರ ಕಂಬದ ಮೇಲೆ, ಹೊರಗಿದ್ದ ಭಾಗಕ್ಕೂ ಒಳಗಿದ್ದ ಭಾಗಕ್ಕೂ ನಡುವೆ, ತುಕ್ಕು ಬರೆದ ಒಂದು ಗೆರೆ ಇತ್ತು. ತಂದೆಯವರ ಎತ್ತರವನ್ನು ಹೇಳುವ ಗುರುತು ಮನೆಯಲ್ಲಿ ಬೇರೆ ಯಾವುದೂ ಇಲ್ಲ.

ಆರು ವಾರ ಕಳೆದು, ಸಂಕ್ರಾಂತಿ ಮುಗಿದ ಮೇಲೆ ಒಂದು ಶನಿವಾರ ಬೆಳಗಿನ ಐದು ಗಂಟೆಗೆ ಹೊರಟೆನು. ವೈರಮುಡಿಗೆ ಮುಂಚೆ ಕೈಯ ಯೋಗ್ಯತೆಯನ್ನು ಪರೀಕ್ಷಿಸುವುದೇ ಉದ್ದೇಶ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಗೆ ಅದೇ ವರ್ಷದ ಆಗಸ್ಟ್ ೧ರಿಂದ ಬೈಸಿಕಲ್ಲಿಗೆ ಪ್ರವೇಶವಿಲ್ಲ. ದ್ವಿಚಕ್ರ, ತ್ರಿಚಕ್ರ, ಟ್ರ್ಯಾಕ್ಟರುಗಳಿಗೂ ಇಲ್ಲ. ನಾವೆಲ್ಲ ಪಕ್ಕದ ಸೇವಾರಸ್ತೆಯ ಪ್ರಜೆಗಳು. ನಿಷೇಧದ ಬಗ್ಗೆ ನನ್ನ ದೂರಿಲ್ಲ. ಆ ವೇಗದ ನಡುವೆ ನನಗೇನು ಕೆಲಸ? ಆದರೆ ಸೇವಾರಸ್ತೆಯ ಉಬ್ಬುಗಳನ್ನು ಎಣಿಸಲು ಮೊಳಕೈಗಿಂತ ಒಳ್ಳೆಯ ಯಂತ್ರವಿಲ್ಲ. ಶ್ರೀರಂಗಪಟ್ಟಣ ಸೇರುವ ಹೊತ್ತಿಗೆ ಹಳೆಯ ಚುಳುಕು ಮರಳಿತು.

ಉತ್ತರ ಕಾವೇರಿಯ ದಡದಲ್ಲಿ ಇಳಿದು ಕೈ ಕೊಡವುತ್ತ ನಿಂತೆನು. ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಎದುರಿಗಿತ್ತು. ೧೮೦೪ರ ಕೆಲಸ. ಕಮಾನುಗಳಿಲ್ಲ, ಕಲ್ಲಿನ ಕಂಬಗಳ ಸಾಲು, ಅವುಗಳ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಚಪ್ಪಡಿ. ನಮ್ಮ ದೇವಾಲಯಗಳ ಮುಖಮಂಟಪವನ್ನೇ ಹೊಳೆಗೆ ಅಡ್ಡವಾಗಿ ಉದ್ದಕ್ಕೆ ಎಳೆದಂತಿದೆ. ಎರಡು ಶತಮಾನಗಳ ಪ್ರವಾಹವನ್ನು ಅದು ತಡೆದು ನಿಂತ ರೀತಿಯನ್ನು ನೋಡಿದರೆ ಬಾಗದ ತೋಳಿನ ಬಗ್ಗೆ ವೈದ್ಯರು ಹೇಳಿದ್ದು ಕಲ್ಲಿಗೆ ಅನ್ವಯಿಸುವುದಿಲ್ಲವೆಂದು ತೋರಿತು.

ಕಿರಂಗೂರು ದಾಟಿದ ಮೇಲೆ ಕಬ್ಬಿನ ಗದ್ದೆಗಳು, ನಾಲೆಯ ಕಾಲುವೆಗಳು, ಎಲ್ಲಿಂದಲೋ ಆಲೆಮನೆಯ ಹೊಗೆ. ಬೆಳಗಿನ ಚಳಿಯಲ್ಲಿ ಕುದಿಯುವ ಕಬ್ಬಿನಹಾಲಿನ ವಾಸನೆಗೆ ಸಮನಾದುದು ಮಂಡ್ಯದ ಸೀಮೆಯಲ್ಲಿ ಮತ್ತೊಂದಿಲ್ಲ. ಎಡಕ್ಕೆ ಕುಂತಿಬೆಟ್ಟದ ಬಂಡೆಗಳು ಕಾಣಿಸಿಕೊಂಡುವು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಜನರ ಬಾಯಲ್ಲಿ ಹಿರೋಡೆ. ಫ್ರೆಂಚರೂ ಹೋದರು, ಹೆಸರೂ ಹೋಯಿತು. ಪಾಂಡವರು ಮಾತ್ರ, ಎಂದಿನಂತೆ, ಊರನ್ನು ಮರಳಿ ಪಡೆದರು.

ಪಾಂಡವಪುರದ ಪೇಟೆಯಲ್ಲಿ ಒಂದು ಸಣ್ಣ ಸೈಕಲ್ ಅಂಗಡಿ ಆಗತಾನೆ ಬಾಗಿಲು ತೆರೆದಿತ್ತು. ಬಿಳಿಗಡ್ಡದ ಸಾಹೇಬರು ಹಲಗೆಗಳನ್ನು ಜೋಡಿಸುತ್ತಿದ್ದರು. ಗಾಳಿ ನೋಡಿರೆಂದು ನಾನು ಕೇಳಿದೆ. ಅವರು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತುಂಬುವ ಬದಲು ಸ್ವಲ್ಪ ಬಿಟ್ಟರು.

"ಕಲ್ಲಿನಂಗೆ ಹೊಡ್ಸಿದೀರಲ್ಲ ಮೇಷ್ಟ್ರೇ. ಈ ಟೈರು ಅಗಲದ್ದು, ಇದಕ್ಕೆ ಅಷ್ಟು ಬ್ಯಾಡ. ಪೆಟ್ಟು ಟೈರು ತಿನ್ನಬೇಕು, ನೀವಲ್ಲ."

ನಾನು ಮೇಷ್ಟರೆಂದು ಅವರಿಗೆ ಹೇಗೆ ತಿಳಿಯಿತೋ! ಬಹುಶಃ ಬಲಗೈಯನ್ನು ಎಡಗೈಯಿಂದ ತಿಕ್ಕುತ್ತ ನಿಂತವನ ಜೇಬಿನಲ್ಲಿ ಎರಡು ಲೇಖನಿಗಳಿದ್ದುದರಿಂದ ಇರಬೇಕು. ಅವರು ಬೈಸಿಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಈ ಗಾಡಿ ಯಾರ್ದು?"

"ನಮ್ಮ ತಂದೆಯವರದು."

"ಅದೇ ಅಂದ್ಕೊಂಡೆ. ಇದು ನಿಮ್ಮ ಅಳತೆಗಿಲ್ಲ. ಬನ್ನಿ, ಮೊಳ ಹಾಕಿ."

ಸೀಟಿನ ಮೂತಿಗೆ ಮೊಳಕೈಯನ್ನು ಆನಿಸಿ ಬೆರಳುಗಳನ್ನು ಹ್ಯಾಂಡಲ್ಲಿನ ಕಡೆಗೆ ಚಾಚಬೇಕು. ನಡುಬೆರಳಿನ ತುದಿ ಹ್ಯಾಂಡಲ್ಲನ್ನು ಮುಟ್ಟಿದರೆ ಗಾಡಿ ಸವಾರನದು. ನನ್ನ ಬೆರಳು ನಾಲ್ಕಂಗುಲ ಹಿಂದೆಯೇ ನಿಂತುಬಿಟ್ಟಿತು. ಸೈಕಲ್ ಅಂಗಡಿಗಳ ಈ ಹಳೆಯ ಸೂತ್ರ ಪೂರ್ತಿ ಶಾಸ್ತ್ರೀಯವೆಂದು ನಾನು ವಾದಿಸುವುದಿಲ್ಲ. ಅದು ಮುಂಡದ ಉದ್ದವನ್ನು ಅಳೆಯುವುದಿಲ್ಲ, ಬೆನ್ನು ಎಷ್ಟು ಬಾಗುತ್ತದೆಂದು ಕೇಳುವುದಿಲ್ಲ. ಆದರೂ ವೈದ್ಯರ ಕೊಠಡಿಯಲ್ಲಿ ಅರ್ಥವಾಗದಿದ್ದುದು ಇಲ್ಲಿ ಕಣ್ಣಿಗೆ ಕಂಡಿತು. ತಂದೆಯವರದು ಉದ್ದನೆಯ ತೋಳು. ಸೀಟನ್ನು ಹಿಂದಕ್ಕೆ ತಳ್ಳಿಸಿ, ಎತ್ತರಿಸಿ, ತಮ್ಮ ಮೊಳಕ್ಕೆ ಸರಿಯಾಗಿ ಕೂತಿದ್ದರು. ಅದರ ಜತೆಗೆ ಸೀಟಿನ ಮುಂದಿನ ಸ್ಪ್ರಿಂಗು ಕಾಲಕ್ರಮದಲ್ಲಿ ಸೋತು ಮೂತಿ ಕೆಳಗಾಗಿತ್ತು. ಕೂತವನು ಮುಂದಕ್ಕೆ ಜಾರುತ್ತಾನೆ. ಜಾರದಿರಲು ಕೈಗಳಿಂದ ತನ್ನನ್ನೇ ಹಿಂದಕ್ಕೆ ನೂಕಿಕೊಳ್ಳುತ್ತಾನೆ. ಮೊಳಕೈ ನೆಟ್ಟಗಾಗದೆ ಏನು ಮಾಡೀತು?

"ಒಂದಿಂಚು ಮುಂದಕ್ಕೆ, ಎರಡು ಬೆರಳು ಕೆಳಕ್ಕೆ, ಮೂತಿ ಮಟ್ಟ. ಹ್ಯಾಂಡಲ್ಲು ಒಂದು ಬೆರಳು ಮ್ಯಾಕೆ. ಮಾಡ್ಲಾ?"

ಸಾಹೇಬರು ಪಾನ ಹಿಡಿದು ನಿಂತಿದ್ದರು. ನಾನು ತುಕ್ಕಿನ ಗೆರೆಯನ್ನು ನೋಡುತ್ತಿದ್ದೆ. ಅವರು ಅದನ್ನು ಗಮನಿಸಿದರೋ ಏನೋ, ಅವಸರ ಮಾಡಲಿಲ್ಲ. ಪಕ್ಕದ ಹೋಟೆಲಿನ ಹುಡುಗನನ್ನು ಕೂಗಿ ಎರಡು ಚಹಾ ತರಿಸಿದರು. ಕುಡಿದು ಮುಗಿಸಿದ ಮೇಲೆ ಮಾಡಿರೆಂದೆ. ನಟ್ಟು ಸುಲಭವಾಗಿ ಬಿಡಲಿಲ್ಲ. ಸೀಮೆಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಂಬ ಕಿರ್ರೆಂದು ಒಂದು ಸುತ್ತು ತಿರುಗಿ ಕೆಳಗಿಳಿಯಿತು. ಗೆರೆ ಕೊಳವೆಯೊಳಗೆ ಹೋಯಿತು. ಹತ್ತು ನಿಮಿಷದ ಕೆಲಸ. ಅವರು ಕೇಳಿದ ಹಣ ಎಷ್ಟು ಕಡಮೆಯೆಂದರೆ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

"ಹಿಡಿನ ಹಕ್ಕಿ ಹಿಡ್ದಂಗೆ ಹಿಡೀರಿ. ಸಾಯ್ಲೂಬಾರ್ದು, ಹಾರ್ಲೂಬಾರ್ದು" ಎಂದು ಹೇಳಿ ಕಳುಹಿಸಿದರು.

ಊರಾಚೆ ಬಂದೊಡನೆಯೇ ವ್ಯತ್ಯಾಸ ತಿಳಿಯಿತು. ಭಾರವೆಲ್ಲ ಸೀಟಿನ ಮೇಲೆ ಕೂತು, ಕೈಗಳು ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇದ್ದುವು. ನೋವು ಪವಾಡದಂತೆ ಮಾಯವಾಯಿತೆಂದು ಬರೆದರೆ ಸುಳ್ಳಾದೀತು. ಅದು ಹೆಚ್ಚುವುದನ್ನು ನಿಲ್ಲಿಸಿತು. ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಕೈಯನ್ನು ತೆಗೆದು ಬೆರಳುಗಳನ್ನು ಬಿಡಿಸುತ್ತ, ಉಬ್ಬು ಕಂಡಾಗ ಪೆಡಲಿನ ಮೇಲೆ ಕೊಂಚ ಎದ್ದು ಮೊಳಕೈಗಳನ್ನು ಸಡಿಲಬಿಡುತ್ತ ತೊಣ್ಣೂರಿನ ಕಡೆಗೆ ತಿರುಗಿದೆನು.

ತೊಣ್ಣೂರಿಗೆ ಹೋಗುವುದು ಮೇಲುಕೋಟೆಗೆ ಸುತ್ತು ಹಾದಿ. ಆದರೆ ಆ ಕೆರೆಯನ್ನು ನೋಡದೆ ಹೋಗಲು ಮನಸ್ಸು ಬರುವುದಿಲ್ಲ. ಬೆಟ್ಟಗಳ ನಡುವಿನ ಕಿಂಡಿಗೆ ಏರಿ ಕಟ್ಟಿ ನಿಲ್ಲಿಸಿದ ನೀರು. ರಾಮಾನುಜಾಚಾರ್ಯರು ಇದಕ್ಕೆ ತಿರುಮಲಸಾಗರವೆಂದು ಹೆಸರಿಟ್ಟರೆಂದು ಪ್ರತೀತಿ. ೧೭೪೬ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗನು ನೀರಿನ ತಿಳಿಯನ್ನು ಕಂಡು ಮೋತಿ ತಾಲಾಬ್, ಮುತ್ತಿನ ಕೆರೆ, ಎಂದು ಕರೆದನು. ಎರಡೂ ಹೆಸರುಗಳನ್ನು ಹೊತ್ತುಕೊಂಡು ಕೆರೆ ಯಾರ ಪರವನ್ನೂ ವಹಿಸದೆ ಹೊಳೆಯುತ್ತಿದೆ. ಮೊಳಕೈವರೆಗೆ ತೋಳನ್ನು ಆ ತಣ್ಣೀರಿನಲ್ಲಿ ಅದ್ದಿ ಅರ್ಧ ಗಂಟೆ ಕೂತೆನು. ವೈದ್ಯರು ಮಂಜುಗಡ್ಡೆಯಿಡಲು ಹೇಳಿದ್ದರು. ಇದಕ್ಕಿಂತ ರಸಿಕವಾದ ಚಿಕಿತ್ಸೆ ಅವರಿಗೂ ಹೊಳೆಯಲಾರದು. ಊರೊಳಗಿನ ನಂಬಿನಾರಾಯಣನ ಗುಡಿಯಲ್ಲಿ ಅರ್ಚಕರು ಆಗ ಬಾಗಿಲು ಹಾಕುತ್ತಿದ್ದರು. ನನ್ನನ್ನು ಕಂಡು ಮತ್ತೆ ತೆರೆದರು. ಹನ್ನೆರಡನೆಯ ಶತಮಾನದ ಆ ಎತ್ತರದ ಮೂರ್ತಿಯ ಮುಂದೆ ನಿಂತವನ ಕಣ್ಣು, ಏನು ಮಾಡಲಿ, ಅಂದು ಮೊದಲು ಹೋದದ್ದು ನಾಲ್ಕು ತೋಳುಗಳ ನಾಲ್ಕು ಮೊಳಕೈಗಳ ಮೇಲೆ. ನಾಲ್ಕೂ ಹಿತವಾಗಿ ಬಾಗಿದ್ದುವು.

ಜಕ್ಕನಹಳ್ಳಿಯಿಂದ ಪಶ್ಚಿಮಕ್ಕೆ ತಿರುಗಿದರೆ ದೂರದಲ್ಲಿ ಯೋಗನರಸಿಂಹನ ಗುಡಿ ಬೆಟ್ಟದ ತುದಿಯಲ್ಲಿ ಕಾಣುತ್ತದೆ. ಕೊನೆಯ ಏರನ್ನು ನಾನು ತುಳಿಯಲಿಲ್ಲ. ಇಳಿದು ತಳ್ಳಿಕೊಂಡು ಹೋದೆನು. ಏರಿನಲ್ಲಿ ಹ್ಯಾಂಡಲ್ಲನ್ನು ಜಗ್ಗಿ ಎಳೆಯುವುದು ಮೊಳಕೈಯ ಒಳಬದಿಗೂ ಹೊರಬದಿಗೂ ಒಟ್ಟಿಗೆ ಕೊಡುವ ಶಿಕ್ಷೆ. ಗೇರಿಲ್ಲದ ಬೈಸಿಕಲ್ಲಿಗೆ ನಡಿಗೆಯೇ ಗೇರು.

ಮೇಲುಕೋಟೆಯ ವರ್ಣನೆಗೆ ಇಲ್ಲಿ ಜಾಗವಿಲ್ಲ, ನನ್ನಂಥವನ ವರ್ಣನೆ ಅದಕ್ಕೆ ಬೇಕಾಗಿಯೂ ಇಲ್ಲ, ೧೯೦೫ರಲ್ಲಿ ಪು.ತಿ.ನ. ಅವರು ಹುಟ್ಟಿದ ಊರು ಅದು. ಕಲ್ಯಾಣಿಯ ಮೆಟ್ಟಿಲುಗಳ ಬಿಸಿಲು, ಮುಗಿಯದೆ ನಿಂತ ರಾಯಗೋಪುರದ ಕಂಬಗಳು, ಎಲೆಯ ಮೇಲಿನ ಪುಳಿಯೋಗರೆ, ಇವುಗಳನ್ನು ಬಲ್ಲವರು ಬಲ್ಲರು. ದೇವಸ್ಥಾನದ ಬೀದಿಯಲ್ಲಿ ಹೂವು ಮಾರುತ್ತಿದ್ದ ಮುದುಕಿಯೊಬ್ಬಳ ಮುಂದೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಂತೆನು. ಅಮ್ಮನಿಗೆ ಪ್ರಸಾದದ ಜತೆಗೆ ಒಂದು ಮೊಳ ಮಲ್ಲಿಗೆ ಬೇಕಾಗಿತ್ತು. ಆಕೆ ಮೊಳಕೈಯನ್ನು ಮಡಿಸಿ ಬಿಡಿಸಿ ಮಾಲೆಯನ್ನು ಅಳೆದಳು. ಮೊಳ ಚಿಕ್ಕದಾಯಿತಲ್ಲವೆ ಅಜ್ಜೀ, ಎಂದೆ. ಆಕೆ ತಲೆಯೆತ್ತಲಿಲ್ಲ.

"ನನ್ನ ಕೈ ಇರೋದೇ ಇಷ್ಟುದ್ದ ಕಣಪ್ಪ. ಉದ್ದನ್ ಕೈಯೋರ್ ತಾವ ತಕೋ ಹೋಗು."

ಅಲ್ಲಿಯೇ ಕೊಂಡೆನು.

ರಾತ್ರಿ ಛತ್ರದಲ್ಲಿ ತಂಗಿದ್ದು ಮಾರನೆಯ ದಿನ ಇಳಿದು ಬಂದೆನು. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಬಿಗಿಹಿಡಿಯದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಬಂದರೆ ಬ್ರೇಕಿಗೂ ಮುಂಗೈಗೂ ಬಿಡುವು ಸಿಗುತ್ತದೆ. ಸಂಜೆ ನಾಲ್ಕಕ್ಕೆ ಮನೆ ಸೇರಿದೆನು. ಕಿರುಬೆರಳು ಒಮ್ಮೆಯೂ ಜೋಮು ಹಿಡಿದಿರಲಿಲ್ಲ. ಬೈಸಿಕಲ್ಲನ್ನು ಜಗಲಿಗೆ ಒರಗಿಸುವಾಗ ಅಮ್ಮ ಹೊರಗೆ ಬಂದಳು. ಪ್ರಸಾದವನ್ನೂ ಬಾಡಿದ ಮಲ್ಲಿಗೆಯನ್ನೂ ಕೈಗೆ ತೆಗೆದುಕೊಂಡಳು. ದೃಷ್ಟಿ ಸೀಟಿನ ಮೇಲಿತ್ತು.

"ಇಳಿಸಿದೆಯೇನೋ?"

"ಇಳಿಸಿದೆನಮ್ಮ."

ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ವೈರಮುಡಿಯಿಂದ ಬಂದ ಮೇಲೆ ಎರಡು ದಿನ ಅವರಿಗೂ ಕೈ ಎತ್ತುವುದಕ್ಕಾಗುತ್ತಿರಲಿಲ್ಲ. ನಾನೇ ಹರಳೆಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದೆ. ಯಾರಿಗೂ ಹೇಳಬೇಡ ಅನ್ನುತ್ತಿದ್ದರು" ಎಂದು ಒಳಗೆ ಹೋದಳು. ಅಡಿಗೆಮನೆಯಲ್ಲಿ ಒಲೆ ಹಚ್ಚಿದ ಸದ್ದಾಯಿತು. ಎಣ್ಣೆ ಈಗ ಬೇಕಾಗಿಲ್ಲವೆಂದು ಹೇಳಲು ಬಾಯಿ ತೆರೆದವನು ಸುಮ್ಮನಾಗಿ, ಅಂಗಿಯ ತೋಳನ್ನು ಮಡಿಸಿಕೊಂಡು ಜಗಲಿಯ ಮೇಲೆ ಕೂತೆನು.